ಫೂಟಿಗೆ ಕಾಲಿಂಚಿನ ಹೋಟೆಲ್

ಗಾರ್ಡ್ ಕಾಕಾನನ್ನು ನೆನೆಸಿಕೊಂಡರೆ ನನಗೆ ಮೊದಲು ಕಾಣುವುದು ಅವರ ಎರಡು ಅಂಗಾಲು. ಗದಗಿಗೆ ಹತ್ತಿದ ಬೆಟಗೇರಿಯ ಅವರ ಮನೆಯ ಮುಂದಿನ ಖೋಲಿಯನ್ನು ಹೊಲಿಗೆ ಅಂಗಡಿಗೆಂದು ಬಾಡಿಗೆ ಹಿಡಿದ ಎರಡನೆಯ ದಿನ. ಕುಡಿಯುವ ನೀರು ಕೇಳೋಣವೆಂದು ಒಳಗೆ ಇಣುಕಿದೆ. ಎಪ್ಪತ್ತರ ಆಸುಪಾಸಿನ ಹಿರಿಯರು ಧೋತರ ಬನಿಯನ್ನಿನಲ್ಲಿ ಪಡಸಾಲೆಯ ನೆಲದ ಮೇಲೆ ಬೋರಲು ಬಿದ್ದಿದ್ದಾರೆ. ಕೆನ್ನೆ ಕಲ್ಲಿಗೆ ಹತ್ತಿದೆ, ಒಂದು ಕಣ್ಣು ಮುಚ್ಚಿದೆ, ಅಲುಗಾಟವಿಲ್ಲ. "ಅಯ್ಯಯ್ಯ, ಕಾಕು, ಲಗೂನ ಬರ್ರಿ, ಕಾಕಾ ಬಿದ್ದಾರ!" ಎಂದು ಓಣಿಗೆಲ್ಲ ಕೇಳುವಂತೆ ಒದರಿದೆ. ಅಡುಗೆಮನೆಯಿಂದ ಅವರ ಹೆಂಡತಿ ಶಾರದಾ ಕಾಕುವಿನ ದನಿ ನಿಧಾನಕ್ಕೆ ಬಂತು: "ಒದರಬ್ಯಾಡ ಕಸ್ತೂರಿ, ಏನೂ ಆಗಿಲ್ಲ. ರೈಲು ನೋಡಾಕತ್ತಾರ."

ಆಗ ನೋಡಿದೆ. ಗೋಡೆಯಿಂದ ಗೋಡೆಗೆ, ಇಟ್ಟಂಗಿಯ ಮೇಲೆ ಹಲಗೆ ಹಾಸಿ, ಅದರ ಮೇಲೆ ಗದಗ ಸ್ಟೇಷನ್ ನಿಂತಿತ್ತು. ನಮ್ಮ ಈಗಿನ ಸ್ಟೇಷನ್ ಅಲ್ಲ, ಸಣ್ಣ ಗೇಜಿನ ಕಾಲದ್ದು. ಹಳಿಗಳು ಮುರಿದ ಛತ್ರಿಗಳ ಕಡ್ಡಿ. ಹಳಿಯ ಕೆಳಗಿನ ಅಡ್ಡಪಟ್ಟಿಗಳು ಬೆಂಕಿಕಡ್ಡಿ, ಸಾವಿರಾರು. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಮಾಡಿದ ಎಂಜಿನ್ನು, ಅದರ ಹೊಟ್ಟೆಯಲ್ಲಿ ಹಳೇ ಟೇಪ್‌ರೆಕಾರ್ಡರಿನ ಮೋಟರು. ಸಿಗ್ನಲ್ಲಿನ ಕೈಗೆ ಕಟ್ಟಿದ ದಾರ ಎಳೆದರೆ ಅದು ಟಕ್ಕೆಂದು ಬೀಳುತ್ತಿತ್ತು.

"ಎದ್ದು ನಿಂತು ನೋಡಬಾರದೇನ್ರಿ?" ಎಂದೆ, ಇನ್ನೂ ಎದೆ ಹಿಡಿದುಕೊಂಡೇ.

"ನಿಂತು ನೋಡಿದ್ರ ಕಾಗಿ ನೋಡಿದಂಗ ಆಕ್ಕೈತಿ ಯವ್ವಾ," ಎಂದರು ಮಲಗಿದಲ್ಲಿಂದಲೇ. "ಗಾರ್ಡ್ ಡಬ್ಬಿಯಾಗಿಂದ ಹೆಂಗ ಕಾಣತಿತ್ತೋ ಹಂಗ ಕಾಣಬೇಕು."

ಹೆಸರು ನೀಲಕಂಠಪ್ಪ. ಮೂವತ್ತೈದು ವರ್ಷ ರೈಲಿನ ಕೊನೆಯ ಡಬ್ಬಿಯಲ್ಲಿ ಹಸಿರು ನಿಶಾನಿ ಹಿಡಿದು ಕುಂತವರು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಆ ಡಬ್ಬಿಯಿಂದ ಇಳಿದಿರಲಿಲ್ಲ ಮಾರಾಯ. ನಾನು ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಕಟ್ಟೆಯ ಮೇಲೆ ಕುಂತು ಗಡಿಯಾರ ನೋಡುತ್ತಿದ್ದರು. "ಕಸ್ತೂರವ್ವಾ, ಇವತ್ತ ಹನ್ನೆರಡು ಮಿನಿಟ ಲೇಟು." ನನ್ನ ನಾಲಿಗೆ ಮೊದಲೇ ಮೆತ್ತಗಿಲ್ಲ. "ನಿಮ್ಮ ರೈಲು ಭಾಳ ಟೈಮಿಗೆ ಬರತಿತ್ತೇನ್ರಿ ಕಾಕಾ?" ಎನ್ನುತ್ತಿದ್ದೆ. "ರೈಲು ಲೇಟ್ ಆಗತಿತ್ತು. ಆದ್ರ ನಾ ಬರದಿಡತಿದ್ದೆ," ಎಂದು ಜೇಬಿನಿಂದ ಸಣ್ಣ ವಹಿ ತೆಗೆದು ನನ್ನ ಹನ್ನೆರಡು ಮಿನಿಟನ್ನೂ ಬರೆದೇ ಬಿಡುತ್ತಿದ್ದರು. ಕಾಕು ಕೊಡುವ ಚಹಾ, ಹಾಲಿನವನು, ಕರೆಂಟು ಹೋದದ್ದು ಬಂದದ್ದು, ಎಲ್ಲಕ್ಕೂ ಅದರಲ್ಲಿ ಹೊತ್ತು ಇತ್ತು. ಒಂದು ದಿನ ಯಾಕ್ರಿ ಇದೆಲ್ಲ ಎಂದು ಕೇಳಿದ್ದಕ್ಕೆ, "ಡ್ರೈವರ್ ಅಂವ ಮುಂದ ಬರೂದು ನೋಡತಾನ. ಗಾರ್ಡ್ ಹಿಂದ ಹೋದದ್ದು ನೋಡತಾನ. ನನಗ ಅದ ರೂಢಿ," ಎಂದಿದ್ದರು.

ಹಲಗೆಯ ಮೇಲಿನ ಆ ಸ್ಟೇಷನ್ನಿನಲ್ಲಿ ಎಲ್ಲವೂ ಇತ್ತು. ನೀರಿನ ಟಾಕಿ, ಗೂಡ್ಸ್ ಶೆಡ್ಡು, ಟಾಂಗಾ ನಿಲ್ಲುವ ಬೇವಿನ ಮರ. ಎಲ್ಲಾ ಫೂಟಿಗೆ ಕಾಲಿಂಚಿನ ಲೆಕ್ಕ. ನಿಜವಾದ ನಾಲ್ಕು ಫೂಟು ಅಲ್ಲಿ ಒಂದಿಂಚು. ರೈಲ್ವೆಯ ಅಳತೆಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದರಿಂದ ಕೂದಲೆಳೆ ಹೆಚ್ಚುಕಡಿಮೆ ಇರಲಿಲ್ಲ. ಆದರೆ ಸ್ಟೇಷನ್ನಿನ ಎದುರಿಗೆ ಅಂಗೈಯೆರಡಷ್ಟು ಜಾಗ ಖಾಲಿ ಬಿಟ್ಟು, ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದಿದ್ದರು. ಅಲ್ಲಿ ಬರಬೇಕಾದದ್ದು ಅವರ ಮನೆತನದ ಹೋಟೆಲ್.

ಆ ಹೋಟೆಲ್ ಕಟ್ಟಿಸಿದವರು ಅವರಜ್ಜ, ಗದಗಿಗೆ ರೈಲು ಬಂದ ಹೊಸದರಲ್ಲಿ. ಕೆಳಗೆ ಚಹಾ ಫಳಾರ ಊಟ, ಮೇಲೆ ಆರು ಖೋಲಿ, ಮಾಳಿಗೆಗೆ ರಸ್ತೆಯ ಉದ್ದಕ್ಕೂ ಮರದ ಕಟಾಂಜನ. ಅರಳೆ ವ್ಯಾಪಾರಕ್ಕೆ ಬಂದವರು, ಬೆಳಗಿನ ಗಾಡಿ ಹಿಡಿಯುವವರು, ಗಾಡಿ ತಪ್ಪಿಸಿಕೊಂಡವರು, ಎಲ್ಲರೂ ಆ ಕಟಾಂಜನಕ್ಕೆ ಮೊಳಕೈ ಊರಿ ಸ್ಟೇಷನ್ ನೋಡುತ್ತಿದ್ದರಂತೆ. ಅಜ್ಜನ ನಂತರ ಅಪ್ಪ ನಡೆಸಿದರು, ಅಪ್ಪನ ನಂತರ ಹಿರಿಯ ಮಗ ಶಿವಪುತ್ರಪ್ಪ. ಕಿರಿಯವರಾದ ನಮ್ಮ ಕಾಕಾ ಇಪ್ಪತ್ತಕ್ಕೇ ರೈಲ್ವೆ ಸೇರಿ ಊರೂರು ತಿರುಗಿದರು.

"ಗಾಡಿ ಸಿಗ್ನಲ್ ದಾಟಿ ಒಳಗ ಬರಬೇಕಾದ್ರ ಎಡಗಡೆ ನಮ್ಮ ಕಟಾಂಜನ ಕಾಣತಿತ್ತು," ಎಂದು ಒಂದು ಮಧ್ಯಾಹ್ನ ಹೇಳಿದರು. "ಒಮ್ಮೆ ಎರಡು ತಿಂಗಳ ಮ್ಯಾಲ ಡ್ಯೂಟಿ ಬಿತ್ತು ಈ ಕಡೆ. ಡಬ್ಬಿ ಬಾಗಲದಾಗ ನಿಂತಿದ್ದೆ. ಕಟಾಂಜನ ಇರೋ ಜಾಗಾದಾಗ ಬರೇ ಆಕಾಶ ಕಾಣತು. ಕೆಳಗ ಕಲ್ಲಿನ ಗುಂಪಿ. ನಾ ನಿಶಾನಿ ತೋರಸೂದ ಮರತೆ."

ಅಣ್ಣ ಮಾರಿಬಿಟ್ಟಿದ್ದ. ಕೊಂಡವರು ಕೆಡವಿದ್ದರು. ಕಾಕಾ ಅದೇ ಸಮವಸ್ತ್ರದಲ್ಲೇ ಹೋಗಿ ಬೀದಿಯಲ್ಲಿ ನಿಂತು ಕೇಳಿದರೆ, ಶಿವಪುತ್ರಪ್ಪನವರು, "ನಡಸಿದವ ನಾನು. ನೀ ರೈಲಿನಾಗ ಕುಂತು ಕೈ ಬೀಸಿದಿ," ಎಂದರಂತೆ. ಅಷ್ಟೇ ಮಾತು. ಅಂದಿನಿಂದ ಹತ್ತೊಂಬತ್ತು ವರ್ಷ ಅಣ್ಣ ತಮ್ಮ ಒಬ್ಬರಿಗೊಬ್ಬರು ಬಾಯಿ ಬಿಟ್ಟಿರಲಿಲ್ಲ. ಅಣ್ಣ ಲಕ್ಷ್ಮೇಶ್ವರಕ್ಕೆ ಹೋಗಿ ನೆಲೆಯಾದರು. ಕಾಕಾನಿಗೆ ಪಾಲಿನ ಆಸೆ ಇರಲಿಲ್ಲ. ಅವರ ಹೊಟ್ಟೆಯೊಳಗೆ ಕುಂತಿದ್ದು ಬೇರೆ. "ನನ್ನನ್ನ ಒಂದ ಮಾತ ಕೇಳಬೇಕಿತ್ತು, ಕಸ್ತೂರವ್ವಾ. ಒಂದ ಮಾತು." ಇದನ್ನು ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಹೋಟೆಲನ್ನು ಹೊಳ್ಳಿ ನಿಲ್ಲಿಸಬೇಕು, ಅದೂ ಖರೆ ಅಳತೆಯಲ್ಲಿ, ಇದೊಂದೇ ಅವರ ಹಟ. ಆದರೆ ಅಳತೆ ಎಲ್ಲಿಂದ ತರುವುದು? ನಕಾಶೆ ಇಲ್ಲ, ಫೋಟೋ ಇಲ್ಲ. ನೌಕರಿ ಹಿಡಿದ ಮೇಲೆ ರಜೆಗೆ ಬಂದರೆ ಅಣ್ಣ ಅವರನ್ನು ಗಿರಾಕಿಯಂತೆ ಮುಂದಿನ ಬಾಕಿನ ಮೇಲೆ ಕೂಡಿಸಿ ಉಪಚಾರ ಮಾಡುತ್ತಿದ್ದುದರಿಂದ, ಒಳಗಿನದೆಲ್ಲ ಅವರಿಗೆ ಹುಡುಗನಾಗಿದ್ದಾಗಿನ ನೆನಪಷ್ಟೇ. ಅದಕ್ಕೆ ಅವರು ಒಂದು ಉಪಾಯ ಹೂಡಿದರು. ನನ್ನ ಅಂಗಡಿಗೆ ಯಾರೇ ಅರವತ್ತು ದಾಟಿದವರು ಬರಲಿ, ಹೆಂಡತಿ ಮೊಮ್ಮಕ್ಕಳ ಸಂಗಡ ಬಂದು ಬಾಗಿಲಲ್ಲಿ ನಿಂತಿರಲಿ, ಹಿಡಿದು ಕೂಡಿಸುತ್ತಿದ್ದರು. "ನೀವು ಸ್ಟೇಷನ್ ಮುಂದಿನ ಹೋಟೆಲ್‌ಗೆ ಹೋಗಿದ್ರೇನ್ರಿ? ಗಲ್ಲಾ ಕಟ್ಟಿ ನಿಮಗ ಎಲ್ಲಿ ಮಟ ಬರತಿತ್ತು? ಎದ್ದು ನಿಂತು ತೋರಸ್ರಿ." ಅವರು ಕೈ ಇಟ್ಟು ತೋರಿಸಿದಲ್ಲಿಗೆ ನನ್ನ ಕೊರಳಿನ ಟೇಪು ಕಸಿದುಕೊಂಡು ನೆಲದಿಂದ ಅಳೆಯುತ್ತಿದ್ದರು. ಕತ್ತರಿ ಕೈಯಲ್ಲಿ ಹಿಡಿದು ನಾನು ಟೇಪಿಗಾಗಿ ಬಾಯಿ ಬಾಯಿ ಬಿಡುತ್ತ ನಿಲ್ಲಬೇಕು.

ಅಂತೂರ ಬೆಂತೂರಿನ ರೈತರೊಬ್ಬರು ಗಲ್ಲಾ ಕಟ್ಟೆ ಗದ್ದದ ಮಟ ಬರುತ್ತಿತ್ತೆಂದು ತೋರಿಸಿದರು. "ನಮ್ಮಪ್ಪ ರೊಕ್ಕಾ ಕೊಡಬೇಕಾದ್ರ ನಾ ಬಾಜೂಕ ನಿಂದರತಿದ್ದೆ, ಬರಣಿಯಾಗಿನ ಪೇಪರಮಿಂಟ್ ನನ್ನ ಕಣ್ಣಿಗೆ ನೇರ ಬರತಿತ್ತು." ಹಿರೇಹಂದಿಗೋಳದ ಒಬ್ಬ ಅಜ್ಜಿ ಬಾಗಿಲ ಚಿಲಕ ತೋರಿಸಲು ತುದಿಗಾಲ ಮೇಲೆ ನಿಂತು, ಎರಡೂ ಕೈ ಮೇಲೆತ್ತಿ, "ಹಿಂಗ ಎಟಗಿಸಿದ್ರ ಸಿಗತಿತ್ತು ನೋಡ್ರಿ," ಎಂದು ನಕ್ಕಳು. ಕಾಕಾ ಸ್ಟೂಲು ಹತ್ತಿ ಅವಳ ಬೆರಳ ತುದಿಗೆ ಟೇಪು ಹಿಡಿದರು. ಮೆಟ್ಟಿಲು ಮೊಣಕಾಲಿನವರೆಗೆ, ಕಿಟಕಿ ತಲೆಯ ಮೇಲೆ. ಎಲ್ಲಾ ವಹಿಗೆ ಹೋಯಿತು.

ಆ ಅಳತೆ ಹಿಡಿದು ಒಂದು ವರ್ಷ ಕಟ್ಟಿದರು. ಗೋಡೆಗೆ ಸೀರೆ ಡಬ್ಬಿಯ ರಟ್ಟು, ನನ್ನ ಗಿರಾಕಿಗಳು ಬಿಟ್ಟು ಹೋದವು. ಕಿಟಕಿಯ ಸರಳಿಗೆ ಊದಿನಕಡ್ಡಿಯ ಕಡ್ಡಿ. ಆರು ಖೋಲಿಗೆ ಆರು ಹೊರಸು, ಒಂದೊಂದಕ್ಕೂ ನಾನೇ ಹೊಲಿದ ಹಾಸಿಗೆ. ಕೊನೆಗೆ ಒಂದು ದಿನ ಅದನ್ನು ಎತ್ತಿ ಗೆರೆ ಹಾಕಿದ ಜಾಗದಲ್ಲಿ ಇಟ್ಟರು. ಗೆರೆಯ ಆಚೆಗೆ ನಾಲ್ಕು ಬೆರಳು ಹೊರಬಂತು. ರೈಲು ಬಿಟ್ಟು, ಬೋರಲು ಬಿದ್ದು, ಒಂದು ಕಣ್ಣು ಮುಚ್ಚಿ ನೋಡಿದರು. ಎದ್ದು ಕುಂತರು. ಹೋಟೆಲಿನ ಮುಂದೆ ಆ ರೈಲು ಇಲಿಮರಿಯಂತೆ ಕಾಣುತ್ತಿತ್ತು.

ಎಂಟು ದಿನ ಮನುಷ್ಯ ನೆಟ್ಟಗೆ ಉಣ್ಣಲಿಲ್ಲ, ನನ್ನ ಲೇಟನ್ನೂ ಬರೆಯಲಿಲ್ಲ. ರೈಲಿನದೇ ತಪ್ಪೆಂದು ಎಂಜಿನ್ನನ್ನು ಎರಡು ಸಲ ಅಳೆದರು. ನನಗೆ ತಡೆಯಲಾಗದೆ ಒಳಗೆ ಹೋಗಿ ನನ್ನ ಟೇಪಿನಿಂದ ಹೋಟೆಲಿನ ಬಾಗಿಲು ಹಿಡಿದೆ. ಫೂಟಿಗೆ ಕಾಲಿಂಚಿನಂತೆ ಒಂಬತ್ತೂವರೆ ಫೂಟು! "ನಿಮ್ಮ ಹೋಟೆಲಿಗೆ ಆನಿ ಚಹಾ ಕುಡಿಯಾಕ ಬರತಿತ್ತೇನ್ರಿ ಕಾಕಾ?" ಎಂದು ನಗಲು ಹೋದವಳು, ನಗು ಅರ್ಧಕ್ಕೇ ನಿಂತಿತು. ನನ್ನ ಕಸುಬಿನ ಹಳೇ ರಗಳೆ ನೆನಪಾಗಿತ್ತು. ಹೆಂಗಸರು ಮದುವೆಯ ವರ್ಷದ ಕುಪ್ಪಸ ತಂದು ಇದೇ ಅಳತೆಗೆ ಹೊಲಿ ಎನ್ನುತ್ತಾರೆ, ಮುಂದೆ ಗುಂಡಿ ಹತ್ತದಿದ್ದರೆ ನನ್ನ ಮೇಲೆ ಹಾಯುತ್ತಾರೆ. ಇಲ್ಲಿಯೂ ಅದೇ ಆಗಿತ್ತು, ಆದರೆ ಉಲ್ಟಾ.

"ಕಾಕಾ," ಎಂದೆ, "ಇವರೆಲ್ಲಾ ಹೇಳಿದ್ದು ಸಣ್ಣ ಹುಡುಗ್ರಿದ್ದಾಗಿನ ನೆನಪು. ಗಲ್ಲಾ ಕಟ್ಟಿ ಅವರ ಆವಾಗಿನ ಗದ್ದಕ್ಕ ಬರತಿತ್ತು. ನೀವು ಈಗಿನ ಗದ್ದಕ್ಕ ಟೇಪ್ ಹಿಡದೀರಿ."

ಅವರು ವಹಿ ತೆಗೆದು ಒಂದೊಂದೇ ಹಾಳೆ ತಿರುವಿದರು. ಹೆಸರಿನ ಮುಂದೆ ಬೆರಳಿಟ್ಟು, ಈತ ಆವಾಗ ಎಂಟು ವರ್ಷದವ, ಈಕಿ ಆರು, ಈತ ಹತ್ತು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಮೆತ್ತಗೆ, "ನನಗೂ ಅದು ಅಷ್ಟ ದೊಡ್ಡದ ಇತ್ತು ಯವ್ವಾ. ಅದಕ್ಕ ನನಗ ತಪ್ಪ ಅನಸಲಿಲ್ಲ," ಎಂದರು.

ದೊಡ್ಡವನಾಗಿ ಆ ಗಲ್ಲಾದ ಹಿಂದೆ ಕುಂತು, ಪ್ರತಿ ದೀಪಾವಳಿಗೆ ಸುಣ್ಣ ಬಳಿಸಿ, ಒಂದೊಂದು ಹಂಚನ್ನೂ ಎಣಿಸಿದ ಮನುಷ್ಯ ಬದುಕಿದ್ದದ್ದು ಒಬ್ಬರೇ. ಅವರ ಹೆಸರನ್ನು ನಾನು ಎತ್ತಿದೆ. ಕಾಕಾ ಎದ್ದು ಹಿತ್ತಲಿಗೆ ಹೋದರು. ಮರುದಿನ ಮತ್ತೆ ಎತ್ತಿದೆ, ಎದ್ದು ಹೋದರು. ಮೂರನೆಯ ದಿನ ಕಾಕುವೇ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು, "ಅಣ್ಣನ ಕೇಳವ್ರು ಇದ್ರ ಕೇಳ್ರಿ, ಇಲ್ಲಂದ್ರ ಈ ರಟ್ಟೆಲ್ಲಾ ಒಲಿಗೆ ಹಾಕತೀನಿ," ಎಂದು ಹಿಟ್ಟಿನ ಕೈ ತೋರಿಸಿದಳು.

ಹಂಗಾಗಿ ಒಂದು ಗುರುವಾರ ನಾನು ಕಾಕಾನನ್ನು ಕರೆದುಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಹೆಂಗಸರಿಗೆ ಪುಕ್ಕಟೆಯಲ್ಲವೇ, ನನ್ನದು ಸೊನ್ನೆ ಟಿಕೆಟ್ಟು. ಕಾಕಾ ಹಿಂದಿನ ಸೀಟೇ ಬೇಕೆಂದು ಹಟ ಹಿಡಿದು, ಹಿಂದಿನ ಗಾಜಿನಲ್ಲಿ ಗದಗ ಸಣ್ಣದಾಗುವುದನ್ನು ನೋಡುತ್ತ ಕುಂತರು. ಶಿರಹಟ್ಟಿ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ, "ಚಹಾ ಕುಡದ ಬರತೀನಿ," ಎಂದು ಇಳಿದರು. ಬಸ್ಸು ಹೊರಡಲು ಹಾರ್ನ್ ಹೊಡೆಯಿತು, ಇವರ ಪತ್ತೆಯಿಲ್ಲ. ಇಳಿದು ಹುಡುಕಿದರೆ ಗದಗಿಗೆ ಹೋಗುವ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದಾರೆ!

"ನಾ ಯಾಕ ಹೋಗಬೇಕು?" ಎಂದರು ನಾನು ಬಾಯಿ ತೆಗೆಯುವ ಮೊದಲೇ. "ತಪ್ಪ ಮಾಡಿದವ ಅಂವ. ಬರೂದಿದ್ರ ಅಂವ ಬರಲಿ."

ನನಗೆ ಸಿಟ್ಟು ನೆತ್ತಿಗೇರಿತು. ಸ್ಟ್ಯಾಂಡಿನ ಜನವೆಲ್ಲ ನೋಡುತ್ತಿದೆ ಎಂಬುದೂ ಮರೆಯಿತು. "ಹೌದರಿ, ಅವರು ನಿಮ್ಮನ್ನ ಕೇಳಲಿಲ್ಲ. ಹತ್ತೊಂಬತ್ತು ವರ್ಷ ಅದನ್ನ ಹೇಳಿಕೋತ ಬಂದೀರಿ. ಈಗ ನೀವ ಹೋಗಿ ಕೇಳ್ರಿ. ಕೇಳೂದಂದ್ರ ಹೆಂಗಿರತೈತಿ ಅಂತ ಅವರಿಗೂ ಗೊತ್ತಾಗ್ಲಿ. ಇಲ್ಲಾ, ಹೊಳ್ಳಿ ಹೋಗಿ ಆ ಆನಿ ಹೋಟೆಲ್ ಮುಂದ ಇಲಿ ರೈಲು ಬಿಟಗೋತ ಕುಂಡ್ರಿ. ನಾ ಅಂತೂ ಇನ್ನ ಟೇಪ್ ಕೊಡಂಗಿಲ್ಲ!"

ಅವರು ಮೆಟ್ಟಿಲಿನಿಂದ ಕಾಲು ಇಳಿಸಿದರು. "ಭಾಳ ಬಾಯಿ ನಿಂದು," ಎಂದು ಗೊಣಗುತ್ತ ನನ್ನ ಹಿಂದೆ ಬಂದರು. ನಮ್ಮ ಬಸ್ಸಿನ ಕಂಡಕ್ಟರ್ ಬಾಗಿಲು ಹಿಡಿದು ಕಾದಿದ್ದ. "ಮೂರು ಮಿನಿಟ ಲೇಟ್ ಮಾಡಿದ್ರಿ ಅಜ್ಜಾರ," ಎಂದ. ಕಾಕಾ ತಲೆ ತಗ್ಗಿಸಿಕೊಂಡು ಹತ್ತಿದರು.

ಲಕ್ಷ್ಮೇಶ್ವರದಲ್ಲಿ ವಿಳಾಸ ಕೇಳಿಕೊಂಡು ಒಂದು ಸಂದಿಯಲ್ಲಿ ಹೋಗುತ್ತಿದ್ದೆವು. ಕಾಕಾ ಗಕ್ಕನೆ ನಿಂತರು. ಎದುರಿಗೆ ಸಣ್ಣದೊಂದು ಮನೆ. ಆ ಮನೆಗೆ ಒಪ್ಪದಂಥ ಭಾರೀ ತೇಗಿನ ಬಾಗಿಲು, ಎರಡು ಕದದ್ದು, ಹಿತ್ತಾಳೆ ಗುಬ್ಬಿಗಳದ್ದು. ಬಾಗಿಲಿಗೋಸ್ಕರ ಮುಂದಿನ ಗೋಡೆಯನ್ನೇ ಒಡೆದು ಕಟ್ಟಿದ್ದು ಹೊಸಬರಿಗೂ ತಿಳಿಯುತ್ತಿತ್ತು. ಕಾಕಾ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿ ಬಾಗಿಲಿನ ಮೇಲೆ ಅಂಗೈ ಇಟ್ಟರು. "ನಮ್ಮ ಹೋಟೆಲಿಂದು," ಎಂದರು.

ಒಳಗಿನಿಂದ ಕೋಲು ಊರುವ ಸಪ್ಪಳ. ಎಂಬತ್ತು ಮುಟ್ಟಿದ, ಕಾಕಾನದೇ ಮೂಗಿನ ಹಿರಿಯರು ಬಂದು ಹೊಸ್ತಿಲೊಳಗೆ ನಿಂತರು. ಇವರು ಶಿವಪುತ್ರಪ್ಪನವರೆಂದು ಯಾರೂ ಹೇಳುವ ಅಗತ್ಯವಿರಲಿಲ್ಲ.

"ಬಂದಿ?" ಎಂದರು.

"ಅಳತಿ ಬೇಕಾಗಿತ್ತು," ಎಂದರು ಕಾಕಾ.

"ಮದ್ಲ ಊಟಾ ಮಾಡು."

ಊಟವಾಯಿತು. ಬರೀ ಗಂಗಾಳದ ಸಪ್ಪಳ. ಊಟದ ಮೇಲೆ ಕಾಕಾ ತಾನು ಕಟ್ಟುತ್ತಿರುವುದನ್ನು ಹೇಳಿದರು, ಡ್ಯೂಟಿ ವರದಿ ಒಪ್ಪಿಸಿದ ಹಾಗೆ. ಶಿವಪುತ್ರಪ್ಪನವರು ಎದ್ದು ಗೋಡೆಯಿಂದ ಒಂದು ಫೋಟೋ ಇಳಿಸಿ ತಂದರು. ಅವರ ತಂಗಿಯ ಮದುವೆಯದು. ಮನೆಮಂದಿಯೆಲ್ಲ ಕುರ್ಚಿಯ ಮೇಲೆ, ಹಿಂದೆ ಹೋಟೆಲಿನ ಮುಖ ಪೂರ್ತಿ: ಇದೇ ಬಾಗಿಲು, ಕಿಟಕಿ, ಮೇಲೆ ಕಟಾಂಜನ. ಕಾಕಾ ಫೋಟೋ ನೋಡಿದರು, ಬಾಗಿಲು ನೋಡಿದರು. ನನಗೂ ತಿಳಿಯಿತು. ಬಾಗಿಲನ್ನು ಅಳೆದರೆ ಸಾಕು, ಫೋಟೋದಲ್ಲಿನ ಉಳಿದದ್ದೆಲ್ಲ ಅದರ ಲೆಕ್ಕದಲ್ಲೇ ಬಂದುಬಿಡುತ್ತದೆ.

ನಾನು ಟೇಪಿನ ಕೆಳತುದಿ ಹಿಡಿದೆ, ಕಾಕಾ ಮೇಲೆ. ಆಗ ಹಿಂದಿನಿಂದ ಶಿವಪುತ್ರಪ್ಪನವರು ಮಾತಾಡಿದರು. ನಮ್ಮ ಕಡೆ ನೋಡದೆ, ಕೋಲಿನ ಹಿಡಿಕೆ ನೋಡುತ್ತ.

"ಆ ಸಲದ ಮಳಿಗೆ ಹಿಂದಿನ ಗೋಡಿ ಬಿತ್ತು. ಅಡಗಿ ಮಾಡವ ಸ್ವಲ್ಪದರಾಗ ಉಳದ. ಮ್ಯಾಲಿನ ಖೋಲ್ಯಾಗ ಯಾರರ ಮಲಗಿದ್ರ? ನನಗ ನಿದ್ದಿ ಹತ್ತತಿರಲಿಲ್ಲ. ನಿನ್ನ ಕೇಳಿದ್ರ ನೀ ಬ್ಯಾಡ ಅಂತಿದ್ದಿ, ನೀಲ್ಯಾ. ನೀ ಬ್ಯಾಡ ಅಂದ್ರ ನನ್ನ ಕೈಲೆ ಮಾರಾಕ ಆಗತಿರಲಿಲ್ಲ. ಅದಕ್ಕ ಕೇಳಲಿಲ್ಲ."

ಈಗ ಕಾಕಾ ಏನಾದರೂ ಅನ್ನುತ್ತಾರೆ, ಅನ್ನಲೇಬೇಕು ಎಂದುಕೊಂಡೆ. ಕಾಕಾ ಟೇಪನ್ನು ಕಣ್ಣಿಗೆ ಹತ್ತಿರ ಹಿಡಿದು, "ಆರು ಫೂಟು ಮೂರಿಂಚು," ಎಂದು ವಹಿಯಲ್ಲಿ ಬರೆದುಕೊಂಡರು. ನಂತರ, "ಗಲ್ಲಾದಿಂದ ಅಡಗಿಮನಿ ಎಷ್ಟ ದೂರ ಇತ್ತು?" ಎಂದು ಕೇಳಿದರು. ಸಂಜೆಯವರೆಗೂ ಅದೇ. ಅಣ್ಣ ಹೇಳುವುದು, ತಮ್ಮ ಬರೆಯುವುದು. ಹೊರಡುವಾಗ ಫೋಟೋ ಕಾಗದದಲ್ಲಿ ಸುತ್ತಿಕೊಟ್ಟರು, ಇವರು ತೆಗೆದುಕೊಂಡರು. ಬಸ್ಸಿನಲ್ಲಿ ನಾನು ಕಾಕಾನ ಸಂಗಡ ಮಾತು ಬಿಟ್ಟೆ. ಒಬ್ಬ ಮುದುಕ ಮನಸ್ಸು ಬಿಚ್ಚಿ ಹೇಳಿದರೆ ಹೂಂ ಅನ್ನಲಿಕ್ಕೂ ಬಾರದೇ ಈ ಮನುಷ್ಯನಿಗೆ ಎಂದು ಗದಗ ಬರುವವರೆಗೂ ಒಳಗೊಳಗೇ ಬೈದೆ.

ಮರುದಿನ ಆ ದೊಡ್ಡ ಹೋಟೆಲನ್ನು ಕೆಡವುವುದಿತ್ತು. ಅದರ ರಟ್ಟು, ಕಡ್ಡಿ ಹೊಸದಕ್ಕೆ ಬೇಕು. ಕಾಕಾ ಚಾಕು ತೆಗೆದುಕೊಂಡು ಕುಂತವರು ಒಂದು ತಾಸಾದರೂ ಮುಟ್ಟಲಿಲ್ಲ. ನಾನು ಕೊಡ್ರಿ, ನಾನೇ ಬಿಚ್ಚುತ್ತೇನೆ ಎಂದೆ. ಬ್ಯಾಡ ಎಂದು, ಮೊದಲು ಕಟಾಂಜನ ಬಿಡಿಸಿದರು. ಅದಕ್ಕೆ ಅಂಟಿಸಿದ್ದ ಒಂದೊಂದು ಕಂಬವನ್ನೂ ತಾವೇ ಸುಲಿದು ಕೆತ್ತಿದ್ದರಲ್ಲ. ಎರಡನೆಯ ಗೋಡೆಗೆ ಬಂದಾಗ ಚಾಕು ಕೆಳಗಿಟ್ಟರು.

"ಅಣ್ಣ ಅವತ್ತ ಮುಂದ ನಿಂತು ಕೆಡವಿಸಿದ್ನಂತ," ಎಂದರು. "ಓಣ್ಯಾಗಿನವ್ರು ಹೇಳಿದ್ರು. ಬೆಳಗಿಂದ ಸಂಜೀತನಕ ಬಿಸಲಾಗ ನಿಂತಿದ್ನಂತ. ಎಂಥಾ ಕಲ್ಲಿನಂಥವ ಅಂತ ಅಂದಿದ್ದೆ ನಾ." ಆಮೇಲೆ ಬಿಡಿಸಿದ ಒಂದು ಕಂಬವನ್ನು ಒರೆಸಿ ಪಕ್ಕಕ್ಕಿಟ್ಟು, "ನಿಂದರೂದು ಭಾಳ ತ್ರಾಸ, ಕಸ್ತೂರವ್ವಾ," ಎಂದರು. ಅವರ ಕಣ್ಣಿನಲ್ಲಿ ನೀರಿತ್ತು. ನಾನು ಮಾತು ಬಿಟ್ಟದ್ದನ್ನು ಮರೆತು ಚಹಾ ತರಲು ಎದ್ದೆ.

ಹೊಸ ಹೋಟೆಲ್ ಎಂಟು ತಿಂಗಳು ಹಿಡಿಯಿತು. ಲಕ್ಷ್ಮೇಶ್ವರಕ್ಕೆ ಫೋನು ನನ್ನ ಮೊಬೈಲಿನಿಂದಲೇ. "ಮ್ಯಾಲಿನ ಕಂಬ ಎಷ್ಟು? ಹದಿನಾಲ್ಕ? ಆತು." ಇಟ್ಟುಬಿಡುವುದು. ಹೆಂಗಿದ್ದೀರಿ ಇಲ್ಲ, ಏನಿಲ್ಲ. ಮೊಬೈಲು ಕಸಿದು ಇಬ್ಬರಿಗೂ ಬಾರಿಸಬೇಕೆನಿಸುತ್ತಿತ್ತು. ಆದರೆ ಹೋಟೆಲ್ ಮಾತ್ರ ಗೆರೆಯೊಳಗೆ ಪಾಂಗಿತವಾಗಿ ಕುಂತಿತು. ರೈಲು ಬಂದು ನಿಂತರೆ ಗಾರ್ಡ್ ಡಬ್ಬಿಯ ಬಾಗಿಲಿಗೂ ಕಟಾಂಜನಕ್ಕೂ ಕೂಗಳತೆ. ಕಾಕಾ ನನ್ನನ್ನೂ ಬೋರಲು ಮಲಗಿಸಿ ತೋರಿಸಿದರು. ಸೀರೆ ಉಟ್ಟುಕೊಂಡು ನೆಲದ ಮೇಲೆ ಬಿದ್ದು ಒಂದು ಕಣ್ಣು ಮುಚ್ಚಿದೆ. ಏನು ಹೇಳಲಿ, ಆ ಹೋಟೆಲನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ ಎನ್ನಿಸಿತು.

ಕೊನೆಯ ಸಲ ಅವರು ನನ್ನ ಸಂಗಡ ಮಾತಾಡಿದ್ದು ಸಂಕ್ರಾಂತಿಯ ಹಿಂದಿನ ವಾರ, ಶುಕ್ರವಾರ. ಹೋಟೆಲಿನ ಮುಂದೆ ಬಿಸಿಲಿಗೆ ಕಟ್ಟುವ ಪಟ್ಟಾಪಟ್ಟಿಯ ಪಡದೆಯೊಂದು ಬಾಕಿಯಿತ್ತು. ಎರಡು ಬೆರಳಗಲದ ಅರಿವೆಗೆ ಅಂಚು ಮಡಿಚಿ ಹೊಲಿದು ತಂದುಕೊಟ್ಟೆ. ಬೆಳಕಿಗೆ ಹಿಡಿದು, ಹೊಲಿಗೆ ಎಣಿಸಿ ನೋಡಿ, "ಛೊಲೊ ಆಗೇತಿ," ಎಂದರು. ಅವರ ಬಾಯಿಂದ ಛೊಲೊ ಎಂಬುದು ಬಂದದ್ದು ಅದೊಂದೇ ಸಲ. "ಸೋಮವಾರ ಅಣ್ಣ ಬರತೀನಿ ಅಂದಾನ ನೋಡಾಕ. ಅವತ್ತರ ಲಗೂ ಅಂಗಡಿ ತಗಿ ಯವ್ವಾ." ಶನಿವಾರ ಮಧ್ಯಾಹ್ನ ಉಂಡು ಅಡ್ಡಾದವರು ಏಳಲಿಲ್ಲ. ಚಹಾಕ್ಕೆ ಎಬ್ಬಿಸಲು ಹೋದ ಕಾಕು ನನ್ನನ್ನು ಕೂಗಿದಳು. ನಾನು ಓಡಿದೆ. ಮೊದಲಿನ ಹಾಗೆ ಒದರಲಿಕ್ಕೂ ನನಗೆ ಬಾಯಿ ಬರಲಿಲ್ಲ.

ಶಿವಪುತ್ರಪ್ಪನವರು ಸೋಮವಾರದ ಬದಲು ಶನಿವಾರವೇ ಬಂದರು. ಮಣ್ಣು ಕೊಟ್ಟು ಬಂದ ಮೇಲೂ ಪಡಸಾಲೆಯ ಆ ಮೂಲೆಯ ಕಡೆ ಮುಖ ಮಾಡಲಿಲ್ಲ. ಐದನೆಯ ದಿನ ಬೆಳಗ್ಗೆ, ಊರಿಗೆ ಹೊರಡುವ ಮುಂಚೆ, ಹೋಗಿ ಹಲಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕುಂತರು. ನಾನು ಚಹಾ ಒಯ್ದೆ. ಬಟ್ಟಲು ತೆಗೆದುಕೊಳ್ಳದೆ ನನ್ನ ಮುಖ ನೋಡಿದರು.

"ತಂಗಿ, ಖರೆ ಹೇಳು. ಅಂವ ನನ್ನ ಬಗ್ಗೆ ಏನರ ಅಂದಿದ್ನೇನು? ಅವತ್ತ ನಾ ಅಷ್ಟ ಹೇಳಿದೆ. ಒಂದ ಮಾತ ಆಡಲಿಲ್ಲ ಅಂವ."

ಸುಳ್ಳು ಹೇಳಿಯಾದರೂ ಆ ಜೀವವನ್ನು ಸಮಾಧಾನ ಮಾಡಬೇಕೆಂದು ಬಾಯಿ ತೆಗೆದೆ. ಆದರೆ ಸುಳ್ಳಿನ ಅಗತ್ಯವೇ ಬೀಳಲಿಲ್ಲ.

"ಕ್ಷಮಾ ಗಿಮಾ ಅಂತ ಏನೂ ಅನ್ನಲಿಲ್ಲರಿ," ಎಂದೆ. "ಆದ್ರ ಅವತ್ತಿನಿಂದ ಬಾಯಾಗ ಒಂದ ಮಾತರಿ. ನೋಡಾಕ ಬಂದವ್ರು, ಕಿಟಕಿ ದೊಡ್ಡದಿತ್ತಲ್ಲ ಅಂದ್ರ, ಇಲ್ಲ, ನಮ್ಮಣ್ಣ ಹೇಳ್ಯಾನ ಅಂತಿದ್ರು. ಬಣ್ಣಾ ಹಸರ ಇತ್ತಲ್ಲ ಅಂದ್ರ, ಅಣ್ಣ ಹೇಳ್ಯಾನ ನೀಲಿ ಅಂತ ಅಂತಿದ್ರು. ಹತ್ತೊಂಬತ್ತು ವರ್ಷ ಕೆಡವಿದವ ಅಂತಿದ್ರು ನಿಮಗ. ಆಮ್ಯಾಲ ದಿನಕ್ಕ ಹತ್ತ ಸಲ ಅಣ್ಣಾ ಅಂದ್ರು. ಕಾಕೂನ ಕೇಳ್ರಿ ಬೇಕಾದ್ರ."

ಅವರು ಹೆಗಲ ಮೇಲಿನ ವಲ್ಲಿಯನ್ನು ಮುಖಕ್ಕೆ ಮುಚ್ಚಿಕೊಂಡರು. ನಾನು ಚಹಾದ ಬಟ್ಟಲು ಹಿಡಿದು ನಿಂತೇ ಇದ್ದೆ, ಅದು ಆರಿಹೋಯಿತು. ಬಾಗಿಲಲ್ಲಿ ಕಾಕು ಬಂದು ನಿಂತಿದ್ದಳು. "ಭಾವಾರ, ರೈಲು ನನ್ನ ಹಂತ್ಯಾಕ ಇರಲಿ," ಎಂದಳು. "ಹೋಟೆಲ್ ನೀವ ಒಯ್ರಿ."

ನಾನೂ ಕಾಕುವೂ ಕೂಡಿ ಹೋಟೆಲನ್ನು ಹಲಗೆಯಿಂದ ಬಿಡಿಸಿ, ರಟ್ಟಿನ ಡಬ್ಬಿಯಲ್ಲಿ ಸುತ್ತ ಹತ್ತಿ ಒತ್ತಿ ಇಟ್ಟೆವು. ಮೇಲೆ ಮುಚ್ಚಲು ಅವರು ಬಿಡಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ನಾನು ಹೋದೆ. ಕಿಟಕಿಯ ಪಕ್ಕ ಕೂಡಿಸಿ, ಡಬ್ಬಿಯನ್ನು ತೊಡೆಯ ಮೇಲಿಟ್ಟೆ. ಎರಡೂ ಕೈಯಿಂದ ತಬ್ಬಿ ಹಿಡಿದರು. ಕೋಲು ಹಿಡಿಯಲು ಕೈ ಉಳಿಯಲಿಲ್ಲವೆಂದು ಅದನ್ನು ಸೀಟಿನ ಕೆಳಗೆ ಸರಿಸಿದೆ. ಕಂಡಕ್ಟರ್ ಬಂದು ಬಗ್ಗಿ ನೋಡಿದ. ಎಳೆ ವಯಸ್ಸಿನವನು, ಆ ಹೋಟೆಲ್ ಇದ್ದ ಕಾಲದಲ್ಲಿ ಹುಟ್ಟಿದ್ದನೋ ಇಲ್ಲವೋ.

"ಅಜ್ಜಾರ, ಏನ್ರಿ ಇದು? ಮ್ಯಾಲ ಇಡಲೇನು?"

"ಬ್ಯಾಡಪಾ. ಹೋಟೆಲ್ ಐತಿ."

"ಹೋಟೆಲ್!" ಎಂದು ಅವನು ನಕ್ಕ. "ಯಾರದ್ರಿ?"

ಶಿವಪುತ್ರಪ್ಪನವರು ಡಬ್ಬಿಯೊಳಗಿನ ಆ ಬಾಗಿಲನ್ನೇ ನೋಡುತ್ತಿದ್ದರು.

"ನಮ್ಮ ತಮ್ಮಂದು," ಎಂದರು.